ಹೆಬ್ಬಾತುಗಳ ವಸತಿ ಪದ್ಧತಿ: ಯಕೃತ್ತಿನ ಕೊಬ್ಬು ಮತ್ತು ಕರುಳಿನ ಬ್ಯಾಕ್ಟೀರಿಯಾಗಳ ದೃಷ್ಟಿಯಿಂದ ಒಂದು ಹೋಲಿಕೆ

ಜಗತ್ತಿನ ಹೆಬ್ಬಾತು ಮಾಂಸದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಬರುವುದು ಚೀನಾದಿಂದ. ಅಲ್ಲಿನ ಜಿಯಾಂಗ್ಸು, ಅನ್ಹುಯಿ, ಸಿಚುವಾನ್, ಗುವಾಂಗ್‌ಡಾಂಗ್ ಪ್ರಾಂತ್ಯಗಳ ರೈತರು ತಲೆಮಾರುಗಳಿಂದ ಹೆಬ್ಬಾತುಗಳನ್ನು ಕಾಲುವೆ ದಂಡೆಯಲ್ಲಿ ಮೇಯಿಸಿ, ಕೆರೆಯಲ್ಲಿ ಈಜಲು ಬಿಟ್ಟು, ಸಂಜೆ ಗೂಡಿಗೆ ಅಟ್ಟಿಕೊಂಡು ಬರುತ್ತಿದ್ದರು. ದೊಡ್ಡ ಪ್ರಮಾಣದ ಪಶು, ಪಕ್ಷಿ ಸಾಕಣೆಯಿಂದಾಗುವ ಮಾಲಿನ್ಯವನ್ನು ತಡೆಯುವ ನಿಯಮಾವಳಿ ಅಲ್ಲಿ 2014ರ ಜನವರಿ 1ರಂದು ಜಾರಿಗೆ ಬಂದಿತು. ಜಲಮೂಲಗಳ ಬಳಕೆಯ ಮೇಲೆ ಬಿಗಿ ಹೆಚ್ಚಿದಂತೆಲ್ಲ ಹಕ್ಕಿಗಳನ್ನು ನೀರಿನಿಂದ ಮೇಲೆ ತಂದು ಶೆಡ್ಡಿನಲ್ಲಿ ಹೊಟ್ಟಿನ ಹಾಸಿನ ಮೇಲೆ, ಪ್ಲಾಸ್ಟಿಕ್ ಜಾಲರಿಯ ಮೇಲೆ, ಕೆಲವೆಡೆ ಪಂಜರಗಳಲ್ಲಿ ಸಾಕುವ ‘ಒಣ ಸಾಕಣೆ’ ಹಬ್ಬಿತು. ಕೆರೆಯ ನೀರನ್ನು ಉಳಿಸಲು ಮಾಡಿದ ಈ ಬದಲಾವಣೆಯಿಂದ ಹಕ್ಕಿಯ ಹೊಟ್ಟೆಯೊಳಗೆ ಏನಾಗುತ್ತಿದೆ ಎಂಬ ಪ್ರಶ್ನೆ ಅನಂತರ ಎದ್ದಿತು. ಯಕೃತ್ತಿನಲ್ಲಿ ಕೊಬ್ಬು ಏಕೆ ಹೆಚ್ಚುತ್ತದೆ, ಕರುಳಿನ ಬ್ಯಾಕ್ಟೀರಿಯಾಗಳ ಸಮುದಾಯ ಏಕೆ ಬದಲಾಗುತ್ತದೆ ಎಂಬುದನ್ನು ಕುರಿತ ಸಂಶೋಧನೆಗಳು ಹೆಚ್ಚಾಗಿ ಅಲ್ಲಿಂದಲೇ ಬರುತ್ತಿರುವುದಕ್ಕೆ ಇದೇ ಕಾರಣ.

ಈ ಬರಹ ಹೆಬ್ಬಾತು ಸಾಕಲು ಯೋಚಿಸುತ್ತಿರುವವರಿಗೆ, ಪಶುವೈದ್ಯ ವಿದ್ಯಾರ್ಥಿಗಳಿಗೆ, ಇಂಥ ಸಂಶೋಧನೆಗಳನ್ನು ಓದಿ ಯಾವ ಪದ್ಧತಿ ಮೇಲೆಂದು ತೀರ್ಮಾನಿಸಬೇಕಾದವರಿಗೆ ಉದ್ದೇಶಿಸಿದ್ದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನೆಲ ಯಾವುದರಿಂದ ಮಾಡಿದ್ದು ಎಂಬುದು ಯಕೃತ್ತಿಗೆ ನೇರವಾಗಿ ತಿಳಿಯುವುದಿಲ್ಲ. ಹಕ್ಕಿ ದಿನಕ್ಕೆ ಎಷ್ಟು ನಡೆಯುತ್ತದೆ, ಅದರ ಹೊಟ್ಟೆಗೆ ಎಷ್ಟು ಹಸಿರು ನಾರು ಹೋಗುತ್ತದೆ, ತನ್ನ ಮತ್ತು ಇತರರ ಹಿಕ್ಕೆಯನ್ನು ಅದು ಎಷ್ಟು ಮುಟ್ಟುತ್ತದೆ, ಕುಕ್ಕುತ್ತದೆ ಎಂಬುದನ್ನು ವಸತಿ ನಿರ್ಧರಿಸುತ್ತದೆ. ವಸತಿಯ ಪರಿಣಾಮ ಒಳಗೆ ತಲುಪುವುದು ಈ ದಾರಿಗಳಿಂದ. ಆದ್ದರಿಂದ ಎರಡು ಪದ್ಧತಿಗಳನ್ನು ಹೋಲಿಸುವಾಗ ಅವುಗಳ ಹೆಸರನ್ನು ಬದಿಗಿಟ್ಟು, ಈ ವಿಷಯಗಳಲ್ಲಿ ಅವು ಎಲ್ಲಿ ಬೇರೆಯಾಗುತ್ತವೆ ಎಂದು ನೋಡಬೇಕು.

ಯಕೃತ್ತು ಮತ್ತು ಕರುಳಿನ ನಂಟು

ಹಂದಿಯಂಥ ಪ್ರಾಣಿಗಳಲ್ಲಿ ಹೊಸ ಕೊಬ್ಬು ಬಹುಪಾಲು ಕೊಬ್ಬಿನ ಅಂಗಾಂಶದಲ್ಲೇ ತಯಾರಾಗುತ್ತದೆ. ಹಕ್ಕಿಗಳಲ್ಲಿ ಆ ಕೆಲಸ ಮುಖ್ಯವಾಗಿ ಯಕೃತ್ತಿನದು. ಮೆಕ್ಕೆಜೋಳದ ಪಿಷ್ಟ ಸಕ್ಕರೆಯಾಗಿ ರಕ್ತಕ್ಕೆ ಸೇರಿದಾಗ, ಹಕ್ಕಿಯ ಖರ್ಚಿಗೆ ಮಿಕ್ಕಿದ್ದನ್ನು ಯಕೃತ್ತು ಕೊಬ್ಬಿನಾಮ್ಲಗಳಾಗಿ, ಕೂಡಿಡುವ ಕೊಬ್ಬಿನ ರೂಪವಾದ ಟ್ರೈಗ್ಲಿಸರೈಡ್‌ಗಳಾಗಿ ಪರಿವರ್ತಿಸಿ, ವಿಎಲ್‌ಡಿಎಲ್ ಎಂಬ ಕಣಗಳಲ್ಲಿ ತುಂಬಿ ಚರ್ಮದಡಿಗೆ, ಹೊಟ್ಟೆಯ ಕೊಬ್ಬಿಗೆ, ಸ್ನಾಯುಗಳಿಗೆ ಕಳುಹಿಸುತ್ತದೆ. ತಯಾರಿಕೆ ರವಾನೆಯನ್ನು ಮೀರಿದ ದಿನದಿಂದ ಕೊಬ್ಬು ಯಕೃತ್ತಿನ ಜೀವಕೋಶಗಳೊಳಗೆ ಹನಿಹನಿಯಾಗಿ ನಿಲ್ಲತೊಡಗುತ್ತದೆ. ಹೆಬ್ಬಾತಿನಲ್ಲಿ ಈ ಒಲವು ಬೇರೆ ಸಾಕು ಹಕ್ಕಿಗಳಿಗಿಂತ ಬಲವಾಗಿದೆ. ಅದರ ಪೂರ್ವಜರು ವಲಸೆ ಹಕ್ಕಿಗಳು. ಯುರೋಪಿನ ಸಾಕು ತಳಿಗಳು ಬೂದು ಹೆಬ್ಬಾತಿನಿಂದ, ಚೀನಾದ ಬಹುತೇಕ ತಳಿಗಳು ಹಂಸ ಹೆಬ್ಬಾತಿನಿಂದ ಬಂದವು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲ ಕಳೆಯಲು ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇದು, ಹಿಮಾಲಯ ದಾಟುವ ಹಾರಾಟಕ್ಕೆ ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುವುದೂ ಇದೇ ಸ್ವಭಾವದಿಂದ. ಕೊಬ್ಬು ಕೂಡಿಡುವುದು ಈ ಹಕ್ಕಿಗೆ ರೋಗವಲ್ಲ. ಕೂಡಿಟ್ಟಿದ್ದನ್ನು ಖರ್ಚು ಮಾಡುವ ಹಾರಾಟ ಮಾತ್ರ ಸಾಕು ಹೆಬ್ಬಾತಿಗೆ ಇಲ್ಲ.

ಇನ್ನು ಕರುಳು. ಹೆಬ್ಬಾತು ಹುಲ್ಲು ಮೇಯುವ ಹಕ್ಕಿ. ಕೊಕ್ಕಿನ ಅಂಚಿನಲ್ಲಿ ಗರಗಸದಂಥ ಹಲ್ಲುಗಳಿದ್ದು, ಅದು ಹುಲ್ಲಿನ ಎಸಳನ್ನು ಹಿಡಿದು ಕತ್ತನ್ನು ಪಕ್ಕಕ್ಕೆ ಎಳೆದು ಕತ್ತರಿಸುತ್ತದೆ; ಬಲವಾದ ಸ್ನಾಯುಜಠರ ಮರಳು, ಸಣ್ಣ ಕಲ್ಲುಗಳ ನೆರವಿನಿಂದ ಅದನ್ನು ಅರೆಯುತ್ತದೆ. ಆದರೆ ಹಸುವಿನಂತೆ ದೊಡ್ಡ ಮೆಲುಕು ಹೊಟ್ಟೆ ಇದಕ್ಕಿಲ್ಲ. ಮೇವು ಕೆಲವೇ ಗಂಟೆಗಳಲ್ಲಿ ಹೊರಬಂದುಬಿಡುತ್ತದೆ. ಕರುಳಿನ ಕೊನೆಯ ಭಾಗದಲ್ಲಿರುವ ಒಂದು ಜೋಡಿ ಕುರುಡುಗರುಳುಗಳಲ್ಲಿ ಬ್ಯಾಕ್ಟೀರಿಯಾಗಳು ನಾರಿನ ಒಂದಂಶವನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಉತ್ಪಾದಿಸುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ಕರುಳಿನ ಒಳಪದರದ ಜೀವಕೋಶಗಳಿಗೆ ಆಹಾರ. ಅದು ಸಾಕಷ್ಟಿದ್ದರೆ ಆ ಜೀವಕೋಶಗಳ ನಡುವಿನ ಬೆಸುಗೆಗಳು ಬಿಗಿಯಾಗಿರುತ್ತವೆ.

ಆ ಬೆಸುಗೆ ಸಡಿಲವಾದರೆ ಗ್ರಾಂ-ಋಣ ಎಂಬ ಗುಂಪಿನ ಬ್ಯಾಕ್ಟೀರಿಯಾಗಳ ಹೊರಕವಚದ ಚೂರುಗಳು, ಅಂದರೆ ಎಂಡೋಟಾಕ್ಸಿನ್, ಕರುಳನ್ನು ದಾಟಿ ಪೋರ್ಟಲ್ ರಕ್ತನಾಳದ ಮೂಲಕ ನೇರ ಯಕೃತ್ತಿಗೆ ಬಂದಿಳಿಯುತ್ತವೆ. ಕರುಳಿನಿಂದ ಬರುವ ರಕ್ತಕ್ಕೆ ಮೊದಲ ನಿಲ್ದಾಣ ಯಕೃತ್ತೇ. ಅಲ್ಲಿ ಉರಿಯೂತ ಕೆರಳಿದರೆ ಕೊಬ್ಬಿನ ಬಳಕೆಯ ಲಯವೂ ತಪ್ಪುತ್ತದೆ. ಯಕೃತ್ತು ತಯಾರಿಸುವ ಪಿತ್ತಾಮ್ಲಗಳನ್ನು ಕರುಳಿನ ಬ್ಯಾಕ್ಟೀರಿಯಾಗಳು ರೂಪಾಂತರಿಸಿ ಹಿಂದಕ್ಕೆ ಕಳುಹಿಸುವುದರಿಂದ ಈ ಮಾತುಕತೆ ಎರಡೂ ಕಡೆಯಿಂದ ನಡೆಯುತ್ತದೆ. ವಸತಿಯ ಚರ್ಚೆಯಲ್ಲಿ ಯಕೃತ್ತಿನ ಕೊಬ್ಬು ಮತ್ತು ಕರುಳಿನ ಬ್ಯಾಕ್ಟೀರಿಯಾಗಳನ್ನು ಜೊತೆಯಾಗಿಯೇ ನೋಡಬೇಕಾದದ್ದು ಇದಕ್ಕಾಗಿ.

ಹುಲ್ಲುಗಾವಲು

ಎಳೆಯ ಹುಲ್ಲು ಇರುವ ಬಯಲಿನಲ್ಲಿ ಬಿಟ್ಟ ಹೆಬ್ಬಾತು ದಿನದ ಬಹುಪಾಲು ಹೊತ್ತನ್ನು ನಡೆಯುತ್ತ, ಕತ್ತರಿಸುತ್ತ ಕಳೆಯುತ್ತದೆ. ಶಕ್ತಿಯ ಖರ್ಚು ಹೆಚ್ಚು, ಪಿಷ್ಟ ಕಡಿಮೆ, ನಾರು ಧಾರಾಳ. ಯಕೃತ್ತಿನ ದೃಷ್ಟಿಯಿಂದ ಇದಕ್ಕಿಂತ ಹಿತವಾದ ಏರ್ಪಾಡು ಬೇರೊಂದಿಲ್ಲ. ಹೆನಾನ್ ಪ್ರಾಂತ್ಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಶೆಡ್ಡಿನಲ್ಲಿ ವಾಣಿಜ್ಯ ಆಹಾರ ತಿಂದ ಹೆಬ್ಬಾತುಗಳಿಗಿಂತ ರೈ ಹುಲ್ಲು ಬೆಳೆಸಿದ ಗಾವಲಿನಲ್ಲಿ ಮೇದ ಹೆಬ್ಬಾತುಗಳಲ್ಲಿ ಎಂಡೋಟಾಕ್ಸಿನ್ ಕಡಿಮೆಯಿದ್ದು, ಅದನ್ನು ನಿಷ್ಕ್ರಿಯಗೊಳಿಸುವ ಕರುಳಿನ ಕಿಣ್ವವಾದ ಆಲ್ಕಲೈನ್ ಫಾಸ್ಫಟೇಸ್ ಹೆಚ್ಚಿತ್ತು. ಕರುಳಿನ ತಡೆಗೋಡೆಯೂ ಯಕೃತ್ತೂ ಉತ್ತಮ ಸ್ಥಿತಿಯಲ್ಲಿದ್ದವು. ಇಲ್ಲೊಂದು ಎಚ್ಚರಿಕೆ ಬೇಕು. ಆ ಎರಡು ಗುಂಪುಗಳ ನಡುವೆ ವಸತಿಯ ಜೊತೆಗೆ ಆಹಾರವೂ ಬೇರೆಯಾಗಿತ್ತು. ಬಯಲು ಎಷ್ಟು ಕೊಟ್ಟಿತು, ಹುಲ್ಲು ಎಷ್ಟು ಕೊಟ್ಟಿತು ಎಂದು ಇಂಥ ಹೋಲಿಕೆಯಿಂದ ಬಿಡಿಸಿ ಹೇಳಲಾಗದು. ನನ್ನ ಓದಿನ ಪ್ರಕಾರ ಹೆಚ್ಚಿನ ಪಾಲು ಹುಲ್ಲಿನದೇ.

ಮೇಯಿಸುವ ಪದ್ಧತಿಗೆ ತನ್ನವೇ ತೊಡಕುಗಳಿವೆ. ಒಂದೇ ಗಾವಲಿನಲ್ಲಿ ವರ್ಷವಿಡೀ ಮೇಯಿಸಿದರೆ ಸ್ನಾಯುಜಠರದ ಒಳಪದರದಡಿ ಸೇರಿಕೊಳ್ಳುವ ಅಮಿಡೊಸ್ಟೊಮಮ್ ಹುಳು ಮರಿಗಳನ್ನು ಸೊರಗಿಸುತ್ತದೆ. ಮೂತ್ರಪಿಂಡಕ್ಕೆ ತಗಲುವ ಐಮೀರಿಯಾ ಟ್ರಂಕೇಟಾ ಎಂಬ ಕಾಕ್ಸಿಡಿಯಾ (ಏಕಕೋಶದ ಪರಾವಲಂಬಿ) ಕೂಡ ಹಿಕ್ಕೆ ಬಿದ್ದ ನೆಲದಿಂದಲೇ ಹರಡುತ್ತದೆ. ಆದ್ದರಿಂದ ಗಾವಲನ್ನು ಭಾಗ ಮಾಡಿ ಸರದಿಯಂತೆ ಮೇಯಿಸುವುದು ಅನಿವಾರ್ಯ. ಹೆಬ್ಬಾತು ಎತ್ತರಕ್ಕೆ ಬೆಳೆದು ಬಲಿತ ಹುಲ್ಲನ್ನು ಬಿಟ್ಟು ಗಿಡ್ಡ, ಎಳೆಯ ಚಿಗುರನ್ನೇ ಆರಿಸಿ ತಿನ್ನುವುದರಿಂದ, ನೇಪಿಯರ್ ಎಂಬ ಎತ್ತರದ ಮೇವಿನ ಹುಲ್ಲು ಬೆಳೆದು ನಿಂತ ಹೊಲವನ್ನು ‘ಹುಲ್ಲುಗಾವಲು’ ಎಂದು ಲೆಕ್ಕ ಹಿಡಿಯುವುದು ತಪ್ಪಾಗುತ್ತದೆ. ಮಾಂಸಕ್ಕೆ ಬೇಕಾದ ತೂಕ ಬರಲೂ ಹೆಚ್ಚು ವಾರಗಳು ಹಿಡಿಯುತ್ತವೆ.

ನೀರಿರುವ ಪದ್ಧತಿ

ದಂಡೆಯಲ್ಲಿ ಗೂಡು, ಮುಂದೆ ಈಜಲು ಕೆರೆ ಅಥವಾ ಕಾಲುವೆ ಇರುವ ಹಳೆಯ ಪದ್ಧತಿ ಹಕ್ಕಿಯ ನಡವಳಿಕೆಗೆ ಚೆನ್ನಾಗಿ ಒಗ್ಗುತ್ತದೆ. ಗರಿ ಶುಚಿಯಾಗಿರುತ್ತದೆ, ಮೈಗೆ ವ್ಯಾಯಾಮವಿರುತ್ತದೆ. ಹೆಬ್ಬಾತುಗಳಿಗೆ ಕನಿಷ್ಠ ತಲೆ ಮುಳುಗಿಸಿ ಮೈಮೇಲೆ ನೀರು ಚೆಲ್ಲಿಕೊಳ್ಳುವಷ್ಟು ನೀರಾದರೂ ಇರಬೇಕೆಂದು ಕೌನ್ಸಿಲ್ ಆಫ್ ಯುರೋಪ್ 1999ರಲ್ಲಿ ಶಿಫಾರಸು ಮಾಡಿದ್ದು ಇದನ್ನು ಮನಗಂಡೇ. ಆದರೆ ನಿಂತ ನೀರು ಕರುಳಿಗೆ ಅಪಾಯದ ದಾರಿ. ಹಕ್ಕಿಗಳು ಈಜುವ ನೀರಲ್ಲೇ ಹಿಕ್ಕೆ ಹಾಕಿ, ಅದನ್ನೇ ಕುಡಿಯುತ್ತವೆ, ಇ. ಕೋಲಿ, ಸಾಲ್ಮೊನೆಲ್ಲಾ ಒಂದು ಹಕ್ಕಿಯಿಂದ ಇಡೀ ಹಿಂಡಿಗೆ ಹರಡಲು ಅಷ್ಟು ಸಾಕು. ಇದರ ಮೇಲೆ ಹಕ್ಕಿಜ್ವರದ ಭಯ ಬೇರೆ. ಇಂದು ಜಗತ್ತನ್ನು ಕಾಡುತ್ತಿರುವ ಎಚ್5ಎನ್1 ವೈರಸ್‌ನ ವಂಶಾವಳಿಯನ್ನು ಮೊದಲು ಗುರುತಿಸಿದ್ದು 1996ರಲ್ಲಿ ಗುವಾಂಗ್‌ಡಾಂಗ್‌ನ ಒಂದು ಸಾಕು ಹೆಬ್ಬಾತಿನಲ್ಲಿ. ಕಾಡು ಬಾತುಗಳು ಇಳಿಯುವ ಕೆರೆಯಲ್ಲಿ ಸಾಕು ಹಿಂಡನ್ನು ಈಜಲು ಬಿಡುವುದನ್ನು, ಯಕೃತ್ತಿಗೆ ಅದೆಷ್ಟೇ ಒಳ್ಳೆಯದಿರಲಿ, ನಾನು ಒಪ್ಪುವುದಿಲ್ಲ. ಆಗಾಗ ನೀರು ಬದಲಿಸಬಹುದಾದ ಸಣ್ಣ ಸಿಮೆಂಟ್ ತೊಟ್ಟಿ ಸಾಕಾಗುತ್ತದೆ.

ಹೊಟ್ಟಿನ ಹಾಸು

ಭತ್ತದ ಹೊಟ್ಟು ಅಥವಾ ಮರದ ಹೊಟ್ಟನ್ನು ಹರಡಿದ ಶೆಡ್ಡಿನಲ್ಲಿ ಹಕ್ಕಿಗಳು ಓಡಾಡಬಲ್ಲವು; ನಡಿಗೆಯ ವಿಷಯದಲ್ಲಿ ಇದು ಪಂಜರಕ್ಕಿಂತ ಎಷ್ಟೋ ಮೇಲು. ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಇದು ಎರಡು ಅಲಗಿನ ಕತ್ತಿ. ಹ್ಯಾಚರಿಯ ಯಂತ್ರದಲ್ಲಿ ಮೊಟ್ಟೆಯೊಡೆದ ಮರಿಗೆ ತಾಯಿಯ ಸಂಪರ್ಕವಿರುವುದಿಲ್ಲ. ಅದರ ಕರುಳಿಗೆ ಮೊದಲು ಸೇರುವ ಬ್ಯಾಕ್ಟೀರಿಯಾಗಳು ಆಹಾರ, ನೀರು ಮತ್ತು ಕಾಲಡಿಯ ನೆಲದಿಂದ ಬಂದವು. ಹಾಸನ್ನು ಕೆದಕಿ ತಿನ್ನುವ ಮರಿಗಳ ಕರುಳಿಗೆ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳು ಸೇರುವ ಅವಕಾಶವಿದೆ, ಅವುಗಳ ಜೊತೆಗೆ ಕಾಕ್ಸಿಡಿಯಾ ಮೊಟ್ಟೆಗಳೂ ರೋಗಕಾರಕಗಳೂ ಸೇರಬಹುದು.

ಹೆಬ್ಬಾತಿನ ಹಿಕ್ಕೆಯಲ್ಲಿ ನೀರಿನಂಶ ಬಹಳ. ಕೋಳಿಗೆ ಸಾಲುವ ಹಾಸು ಹೆಬ್ಬಾತಿಗೆ ಸಾಲದು. ಮೇಲೆ ಒಣ ಹೊಟ್ಟು ಹಾಕುತ್ತ, ತೇವವಾದದ್ದನ್ನು ತೆಗೆಯುತ್ತ ಇರದಿದ್ದರೆ ನೆಲ ಕೆಸರಾಗುತ್ತದೆ. ಅಂಥ ಶೆಡ್ಡಿನಲ್ಲಿ ಮಂಡಿಯೂರಿ ಹಕ್ಕಿಗಳ ಮಟ್ಟದಲ್ಲಿ ಉಸಿರೆಳೆದರೆ, ನಿಂತಾಗ ಗೊತ್ತಾಗದ ಅಮೋನಿಯಾದ ಘಾಟು ಕಣ್ಣಿಗೆ ಚುಚ್ಚುತ್ತದೆ. ಕೋಳಿ ಶೆಡ್ಡುಗಳಲ್ಲಿ ಅಮೋನಿಯಾ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ಮೀರಬಾರದೆಂಬ ಸಾಮಾನ್ಯ ಮಿತಿಯನ್ನೇ ಇಲ್ಲಿಯೂ ಇಟ್ಟುಕೊಳ್ಳಬಹುದು. ಕೆಸರಾದ ಹಾಸು ಪಾದಗಳಲ್ಲಿ ಹುಣ್ಣು ತರುತ್ತದೆ; ಕುಂಟುವ ಹಕ್ಕಿ ನಡೆಯದೆ ಕುಳಿತುಬಿಟ್ಟರೆ ಈ ಪದ್ಧತಿಯ ಲಾಭವೇ ಹೋಯಿತು.

ಜಾಲರಿ ನೆಲ

ನೆಲದಿಂದ ಎತ್ತರಿಸಿ ಪ್ಲಾಸ್ಟಿಕ್ ಜಾಲರಿ ಹಾಸಿದ ಅಟ್ಟದ ಮೇಲೆ ಹಕ್ಕಿಗಳಿದ್ದು, ಹಿಕ್ಕೆ ಕೆಳಗೆ ಬಿದ್ದುಹೋಗುವ ಪದ್ಧತಿ ಚೀನಾದ ಒಣ ಸಾಕಣೆಯಲ್ಲಿ ಬಹಳ ಪ್ರಚಾರದಲ್ಲಿದೆ. ಹಿಕ್ಕೆಯ ಸಂಪರ್ಕ ತಪ್ಪುವುದರಿಂದ ಕಾಕ್ಸಿಡಿಯಾ, ಹುಳುಗಳ ಕಾಟ ಗಣನೀಯವಾಗಿ ತಗ್ಗುತ್ತದೆ, ಮೈ ಒಣಗಿರುತ್ತದೆ, ಹಾಸಿನ ಖರ್ಚೂ ಇಲ್ಲ. ಗುಂಪಿನಲ್ಲಿ ತಕ್ಕಮಟ್ಟಿಗೆ ಓಡಾಟವೂ ಇರುತ್ತದೆ. ಕೊರತೆಯೆಂದರೆ, ಮಾಡಲು ಏನೂ ಕೆಲಸವಿಲ್ಲದ ಹಕ್ಕಿಗಳು ಒಂದರ ಗರಿಯನ್ನು ಇನ್ನೊಂದು ಕುಕ್ಕತೊಡಗುತ್ತವೆ. ಜಾಲರಿಯ ಕಣ್ಣು ದೊಡ್ಡದಾದರೆ ಮರಿಗಳ ಕಾಲು ಸಿಕ್ಕಿಕೊಳ್ಳುತ್ತದೆ. ಚಿಕ್ಕದಾದರೆ ಹಿಕ್ಕೆ ಮೇಲೆಯೇ ಉಳಿದು ಲಾಭವೆಲ್ಲ ನಷ್ಟವಾಗುತ್ತದೆ.

ಈ ಪದ್ಧತಿಯ ಫಲಿತಾಂಶ ಬುಟ್ಟಿಯಲ್ಲಿ ಏನಿಟ್ಟಿದ್ದೀರಿ ಎಂಬುದರ ಮೇಲೆ ನಿಂತಿದೆ. ಬರೀ ಮೆಕ್ಕೆಜೋಳ, ಸೋಯಾ ಹಿಂಡಿಯ ಆಹಾರ ಇಟ್ಟರೆ ಯಕೃತ್ತಿನ ಕೊಬ್ಬು ಪಂಜರದ ಹಕ್ಕಿಯ ಕಡೆಗೆ ವಾಲುತ್ತದೆ. ಅದೇ ಅಟ್ಟದ ಮೇಲೆ ದಿನಕ್ಕೆರಡು ಸಲ ಕತ್ತರಿಸಿದ ಎಳೆಯ ಹುಲ್ಲನ್ನು ಹಾಕಿದರೆ ಗರಿ ಕುಕ್ಕುವುದೂ ತಗ್ಗುತ್ತದೆ, ಕುರುಡುಗರುಳಿನ ಬ್ಯಾಕ್ಟೀರಿಯಾಗಳಿಗೆ ಹುದುಗಿಸಲು ನಾರೂ ಸಿಗುತ್ತದೆ. ಸ್ವಂತ ಗಾವಲಿಲ್ಲದವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ: ಜಾಲರಿ ನೆಲ, ಪಕ್ಕದಲ್ಲಿ ಹಗಲು ಬಿಡಲು ಒಂದು ಸಣ್ಣ ಅಂಗಳ, ತಪ್ಪದೆ ಹಸಿರು ಮೇವು.

ಪಂಜರ

ಪಂಜರದಲ್ಲಿ ಹಕ್ಕಿಯ ಚಲನೆ ಕೆಲವು ಹೆಜ್ಜೆಗಳಿಗೆ ಇಳಿಯುತ್ತದೆ. ಆಹಾರ ಅಷ್ಟೇ ಇದ್ದು ಖರ್ಚು ತಗ್ಗಿದಾಗ ಮಿಗತೆ ಎಲ್ಲಿಗೆ ಹೋಗುತ್ತದೆಂದು ಮೇಲೆಯೇ ನೋಡಿದ್ದೇವೆ: ಮೊದಲು ಹೊಟ್ಟೆಯ ಕೊಬ್ಬಿಗೆ, ಬಳಿಕ ಯಕೃತ್ತಿಗೆ. ಮೊಟ್ಟೆ ಕೋಳಿಗಳ ಲೋಕದಲ್ಲಿ ಇದಕ್ಕೆ ಹಳೆಯ ಸಾಕ್ಷ್ಯವಿದೆ. ಪಂಜರದಲ್ಲಿ ಶಕ್ತಿಭರಿತ ಆಹಾರ ತಿನ್ನುವ ಕೋಳಿಗಳಲ್ಲಿ ಕೊಬ್ಬು ತುಂಬಿ ಮೆತ್ತಗಾದ ಯಕೃತ್ತು ಬಿರಿದು, ಒಳಗೇ ರಕ್ತ ಸೋರಿ ಕೋಳಿ ದಿಢೀರನೆ ಸಾಯುವ ಕಾಯಿಲೆಯನ್ನು ಪಶುವೈದ್ಯರು ದಶಕಗಳಿಂದ ಬಲ್ಲರು. ಬ್ಯಾಕ್ಟೀರಿಯಾಗಳ ದೃಷ್ಟಿಯಿಂದ ಪಂಜರ ಶುಚಿ, ಆದರೆ ಬಡ: ಮಣ್ಣು, ಹುಲ್ಲು, ಹಾಸು ಯಾವುದರ ಸಂಪರ್ಕವೂ ಇಲ್ಲದೆ, ಪಿಷ್ಟದ ಆಹಾರಕ್ಕೆ ಒಗ್ಗಿದ ಬ್ಯಾಕ್ಟೀರಿಯಾಗಳೇ ಮೇಲುಗೈ ಪಡೆಯುತ್ತವೆ. ತಳಿ ಹಕ್ಕಿಗಳಿಗೆ ಕೃತಕ ಗರ್ಭಧಾರಣೆ ಮಾಡುವ, ಪ್ರತಿ ಹಕ್ಕಿಯ ಮೊಟ್ಟೆಯ ಲೆಕ್ಕವಿಡುವ ಕೇಂದ್ರಗಳಿಗೆ ಪಂಜರ ಅನುಕೂಲ. ಅಲ್ಲಿಯೂ ಆಹಾರವನ್ನು ಅಳೆದು ಕೊಡಬೇಕು, ನಾರನ್ನು ಸೇರಿಸಬೇಕು. ಮಾಂಸಕ್ಕೆ ಸಾಕುವ ಸಣ್ಣ ರೈತನಿಗೆ ಪಂಜರದಿಂದ ಆಗುವ ಉಪಕಾರ ನನಗೆ ಕಾಣುವುದಿಲ್ಲ.

ಕೊಬ್ಬಿದ ಯಕೃತ್ತನ್ನೇ ಬಯಸುವವರು

ಕೊಬ್ಬನ್ನು ತಗ್ಗಿಸಬೇಕೆಂಬ ಮಾತಿಗೆ ನೇರ ವಿರುದ್ಧವಾದ ಉದ್ಯಮವೂ ಒಂದಿದೆ. ಫ್ರಾನ್ಸ್, ಹಂಗೇರಿ, ಚೀನಾಗಳಲ್ಲಿ ಫ್ವಾ ಗ್ರಾ ಎಂಬ ಕೊಬ್ಬಿದ ಯಕೃತ್ತಿಗಾಗಿ ಲಾಂಡ್ ತಳಿಯ ಹೆಬ್ಬಾತುಗಳನ್ನು ಸಾಕುತ್ತಾರೆ. ಮೊದಲ ಹಂತದಲ್ಲಿ ಹಕ್ಕಿಗಳು ಬಯಲಿನಲ್ಲಿ ಹುಲ್ಲು ಮೇದು ಅನ್ನನಾಳವನ್ನು ಹಿಗ್ಗಿಸಿಕೊಳ್ಳುತ್ತವೆ. ಕೊನೆಯ ಎರಡು ಮೂರು ವಾರ ಅವನ್ನು ಕೂಡಿಹಾಕಿ, ಗಂಟಲಿಗೆ ಕೊಳವೆ ಇಳಿಸಿ ಮೆಕ್ಕೆಜೋಳ ತುಂಬುತ್ತಾರೆ. ಸುಮಾರು 100 ಗ್ರಾಂ ಇದ್ದ ಯಕೃತ್ತು ಹಲವು ಪಟ್ಟು ಬೆಳೆಯುತ್ತದೆ. ಯುರೋಪಿಯನ್ ಒಕ್ಕೂಟದ ನಿಯಮದಂತೆ ಹೆಬ್ಬಾತಿನ ಫ್ವಾ ಗ್ರಾ ಕನಿಷ್ಠ 400 ಗ್ರಾಂ ತೂಗಬೇಕು. ಭಾರತ ಇದರ ಆಮದನ್ನು 2014ರಲ್ಲೇ ನಿಷೇಧಿಸಿದೆ, ಅದು ಸರಿಯಾದ ನಿರ್ಧಾರವೆಂದೇ ನನ್ನ ಭಾವನೆ. ಆದರೂ ಹೋಲಿಕೆಗೆ ಈ ಉದಾಹರಣೆ ಬಹಳ ಉಪಯುಕ್ತ. ಒಂದೇ ಹಕ್ಕಿಯಲ್ಲಿ ವಸತಿ ಮತ್ತು ಆಹಾರ ಬದಲಾದ ಕೆಲವೇ ವಾರಗಳಲ್ಲಿ ಯಕೃತ್ತು ಗುರುತು ಸಿಗದಂತೆ ಮಾರ್ಪಡುತ್ತದೆ, ತುಂಬಿಸುವುದನ್ನು ನಿಲ್ಲಿಸಿದರೆ ಮತ್ತೆ ಇಳಿಯುತ್ತದೆ. ಅಂದರೆ ಹಕ್ಕಿಯ ಬಾಳಿನ ಕೊನೆಯ ವಾರಗಳ ಏರ್ಪಾಡು ಉಳಿದ ತಿಂಗಳುಗಳ ಏರ್ಪಾಡನ್ನು ಅಳಿಸಿಹಾಕಬಲ್ಲದು. ಪೋಲೆಂಡಿನ ಬಿಳಿ ಕೊವುಡಾ ಹೆಬ್ಬಾತನ್ನು 17 ವಾರಗಳವರೆಗೆ ಸಾಕಿ, ಕೊನೆಯ 3 ವಾರ ಓಟ್ಸ್ ಧಾನ್ಯವನ್ನು ಒತ್ತಾಯವಿಲ್ಲದೆ, ತಾನಾಗಿ ತಿನ್ನುವಷ್ಟು ಇಟ್ಟು ಮಾಗಿಸುವ ಕ್ರಮವೂ ಈ ಕೊನೆಯ ವಾರಗಳ ಮಹತ್ವವನ್ನು ಅರಿತೇ ರೂಪುಗೊಂಡದ್ದು.

ಸಂಶೋಧನಾ ವರದಿಗಳನ್ನು ಓದುವಾಗ

‘ಪಂಜರಕ್ಕಿಂತ ನೆಲ ಉತ್ತಮ’ ಅಥವಾ ಅದಕ್ಕೆ ವಿರುದ್ಧವಾದ ತೀರ್ಮಾನ ಕಂಡಾಗ, ಎರಡೂ ಗುಂಪಿಗೆ ಒಂದೇ ಆಹಾರ ಕೊಟ್ಟಿದ್ದರೇ, ಒಂದೇ ವಯಸ್ಸಿನಲ್ಲಿ ಕೊಯ್ದು ನೋಡಿದ್ದರೇ ಎಂದು ಮೊದಲು ಕೇಳಿಕೊಳ್ಳಬೇಕು. ಯಕೃತ್ತಿನ ತೂಕ ಹೆಚ್ಚಿದೆ ಎಂದ ಮಾತ್ರಕ್ಕೆ ಕೊಬ್ಬು ಹೆಚ್ಚಿದೆ ಎಂದಲ್ಲ. ಟ್ರೈಗ್ಲಿಸರೈಡ್ ಪ್ರಮಾಣವನ್ನು ಅಳೆದಿದ್ದಾರೆಯೇ, ಆಯಿಲ್ ರೆಡ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕೊಬ್ಬಿನ ಹನಿಗಳನ್ನು ನೋಡಿದ್ದಾರೆಯೇ ಎಂಬುದು ಮುಖ್ಯ. ಬ್ಯಾಕ್ಟೀರಿಯಾಗಳ ಪಟ್ಟಿ ಕುರುಡುಗರುಳಿನಿಂದ ತೆಗೆದದ್ದೋ ಹಿಕ್ಕೆಯಿಂದ ತೆಗೆದದ್ದೋ ಎಂಬುದನ್ನೂ ಗಮನಿಸಬೇಕು, ಏಕೆಂದರೆ ಇವೆರಡರ ಚಿತ್ರ ಒಂದೇ ಆಗಿರುವುದಿಲ್ಲ. ಬ್ಯಾಕ್ಟೀರಿಯಾಗಳನ್ನು ಅವುಗಳ ಒಂದು ಜೀನಿನಿಂದ ಗುರುತಿಸುವ 16ಎಸ್ ಅನುಕ್ರಮಣಿಕೆಯ ವಿಧಾನ ಯಾವ ಬ್ಯಾಕ್ಟೀರಿಯಾ ಎಷ್ಟು ಪಾಲು ಇದೆ ಎಂದು ಹೇಳುತ್ತದೆಯೇ ಹೊರತು, ಅವು ಏನು ಮಾಡುತ್ತಿವೆ ಎಂದು ನೇರವಾಗಿ ಹೇಳುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳ ಎರಡು ದೊಡ್ಡ ಗುಂಪುಗಳಲ್ಲಿ ಫರ್ಮಿಕ್ಯೂಟ್ಸ್ ಹೆಚ್ಚಿತು, ಬ್ಯಾಕ್ಟೀರಾಯ್ಡೀಟ್ಸ್ ತಗ್ಗಿತು ಎಂಬ ಒಂದು ವಾಕ್ಯದಿಂದ ಹಕ್ಕಿ ಬೊಜ್ಜಾಗಿದೆ ಎಂದು ತೀರ್ಮಾನಿಸುವ ಚಟ ಇಲಿಗಳ ಅಧ್ಯಯನದಿಂದ ಬಂದದ್ದು. ಹುಲ್ಲು ಮೇಯುವ ಹಕ್ಕಿಗೆ ಅದನ್ನು ಹಾಗೆಯೇ ಹೊರಿಸಲಾಗದು.

ನಿಮ್ಮ ಸ್ಥಿತಿಗೆ ಯಾವುದು?

ನಮ್ಮಲ್ಲಿ ಹೆಬ್ಬಾತು ಹೆಚ್ಚಾಗಿ ತೋಟದ ಮನೆಗಳಲ್ಲಿ ಕಾವಲಿಗೆಂದು, ಅಂದಕ್ಕೆಂದು ನಾಲ್ಕಾರು ಇರುವ ಹಕ್ಕಿ. ಅಂಥ ಹಿಂಡಿಗೆ ಪದ್ಧತಿಯ ಚರ್ಚೆಗಿಂತ ಊಟದ ಚರ್ಚೆ ಮುಖ್ಯ: ಹಗಲೆಲ್ಲ ಗರಿಕೆ ಮೇಯುವ ಹಕ್ಕಿಗಳಿಗೆ ಪ್ರೀತಿಯಿಂದ ಅನ್ನ, ಬ್ರೆಡ್ಡು, ಕೋಳಿಯ ಫೀಡು ಸುರಿಯುವುದನ್ನು ನಿಲ್ಲಿಸಿದರೆ ಯಕೃತ್ತಿಗೆ ಅರ್ಧ ಉಪಕಾರವಾಗುತ್ತದೆ. ಗಾವಲು, ಬೇಲಿ, ಕಾವಲು ಎಲ್ಲ ಇರುವವರು ಮೇಯಿಸುವುದನ್ನೇ ಆರಿಸಿ, ಎಕರೆಗೆ 20ರಿಂದ 40 ಹಕ್ಕಿಗಳ ಲೆಕ್ಕದಲ್ಲಿ ಗಾವಲನ್ನು ಭಾಗ ಮಾಡಲಿ. ಮಾರಾಟಕ್ಕಾಗಿ ನೂರಾರು ಹಕ್ಕಿಗಳನ್ನು ಸಾಕುವವರಿಗೆ ಮೊದಲ ಮೂರು ವಾರ ಬೆಚ್ಚನೆಯ ಒಣ ಹಾಸು, ಆಮೇಲೆ ಅಂಗಳವಿರುವ ಜಾಲರಿ ನೆಲ ಹೊಂದುತ್ತದೆ. ಮಳೆ ಹೆಚ್ಚಿರುವ ಮಲೆನಾಡು, ಕರಾವಳಿಗಳಲ್ಲಿ ಹಾಸನ್ನು ಒಣಗಿಸಿಡುವುದು ಕಷ್ಟವಾದ್ದರಿಂದ ಅಲ್ಲಿ ಜಾಲರಿಯ ಪರ ವಾದ ಇನ್ನೂ ಗಟ್ಟಿ.

ಆರಿಸಿದ ಪದ್ಧತಿ ಹೊಂದುತ್ತಿದೆಯೇ ಎಂದು ತಿಳಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಹುಲ್ಲು ಮೇದ ಹಕ್ಕಿಯ ಹಿಕ್ಕೆ ಹಸಿರು, ನಾರುನಾರಾಗಿದ್ದು ತುದಿಯಲ್ಲಿ ಬಿಳಿಯ ಟೊಪ್ಪಿಗೆ ಇರುತ್ತದೆ. ಅಂಟಂಟಾಗಿ ನೊರೆಯಿಂದ ಕೂಡಿದ್ದರೆ ಕರುಳು ತೊಂದರೆಯಲ್ಲಿದೆ ಎಂದರ್ಥ. ಕೊಯ್ದ ಹಕ್ಕಿಯ ಆರೋಗ್ಯಕರ ಯಕೃತ್ತು ಕಂದುಗೆಂಪು ಬಣ್ಣದ್ದು, ಅಂಚು ಚೂಪಾದದ್ದು. ಕೊಬ್ಬು ತುಂಬಿದ್ದು ಮಾಸಲು ಹಳದಿಗೆ ತಿರುಗಿ, ಅಂಚು ಗುಂಡಗಾಗಿ, ಬೆರಳೊತ್ತಿದರೆ ಗುಳಿ ಉಳಿಯುವಷ್ಟು ಮೆತ್ತಗಿರುತ್ತದೆ, ಕತ್ತರಿಸಿದ ಚಾಕುವಿಗೆ ಜಿಡ್ಡು ಮೆತ್ತಿಕೊಳ್ಳುತ್ತದೆ. ಪ್ರತಿ ತಂಡದಲ್ಲೂ ಮೊದಲು ಕೊಯ್ಯುವ ನಾಲ್ಕೈದು ಹಕ್ಕಿಗಳ ಯಕೃತ್ತನ್ನು ಹೀಗೆ ನೋಡಿ, ಹಳದಿ ಕಂಡರೆ ಉಳಿದ ಹಕ್ಕಿಗಳ ಮೆಕ್ಕೆಜೋಳವನ್ನು ತಗ್ಗಿಸಿ ಹಸಿರನ್ನು ಏರಿಸಬೇಕು. ಬದಲಾವಣೆಯನ್ನು ಒಂದೇ ದಿನ ಮಾಡದೆ ಒಂದು ವಾರದಲ್ಲಿ ಹಂತಹಂತವಾಗಿ ಮಾಡಬೇಕು. ಕುರುಡುಗರುಳಿನ ಬ್ಯಾಕ್ಟೀರಿಯಾಗಳು ಹೊಸ ಮೇವಿಗೆ ಒಗ್ಗಲು ಅಷ್ಟು ಸಮಯ ಬೇಕಾಗುತ್ತದೆ.